ಕಾರ್ಥೇಜನ್ನು ಕೊಂದದ್ದು ಶಾಪವಲ್ಲ, ಠರಾವು

ಈಚೆಗೆ ಒಂದೇ ವಿಡಿಯೊ ನನ್ನ ಫೋನಿಗೆ ಮೂರು ವಾಟ್ಸಾಪ್ ಗುಂಪುಗಳಿಂದ ಬಂತು. ಹಿಮದ ಬೆಟ್ಟ ಹತ್ತುವ ಆನೆಗಳು, ಹಿಂದೆ ನಗಾರಿ ಸದ್ದು, ಗಡಸು ದನಿಯ ವಿವರಣೆ. ರೋಮ್ ಮತ್ತು ಕಾರ್ಥೇಜ್ ಹುಟ್ಟಾ ವೈರಿಗಳಂತೆ. ಒಬ್ಬ ರಾಣಿ ಸಾಯುವಾಗ ಶಾಪ ಹಾಕಿದಳಂತೆ. ಒಂಬತ್ತು ವರ್ಷದ ಹುಡುಗನೊಬ್ಬ ಪ್ರತಿಜ್ಞೆ ಮಾಡಿದನಂತೆ. ಕೊನೆಗೆ ರೋಮನ್ನರು ಕಾರ್ಥೇಜನ್ನು ಸುಟ್ಟು, ಹುಲ್ಲೂ ಹುಟ್ಟಬಾರದೆಂದು ನೆಲಕ್ಕೆ ಉಪ್ಪು ಬಿತ್ತಿದರಂತೆ. ಎರಡು ನಿಮಿಷಕ್ಕೆ ಕಥೆ ಮುಗಿಯಿತು. ಕೆಳಗೆ ಬೆಂಕಿ ಇಮೋಜಿಗಳ ಸಾಲು.

ಮೊದಲ ಸಲ ನೋಡಿದಾಗ ನನಗೂ ಮೈ ಜುಂ ಎಂದಿತು. ಎರಡನೇ ಸಲ ನೋಡಿದಾಗ ಸಿಟ್ಟು ಬಂತು.

ಪತ್ರಿಕೋದ್ಯಮ ತರಗತಿಯಲ್ಲಿ ನಮಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಒಂದಿದೆ. ಜಗಳದ ಸುದ್ದಿ ಬರೆಯುವಾಗ ಎರಡೂ ಕಡೆಯವರ ಮಾತು ಇರಬೇಕು. ಗೆದ್ದವನ ಮನೆ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರೆದದ್ದು ಸುದ್ದಿಯಲ್ಲ, ಕರಪತ್ರ. ಕಾರ್ಥೇಜ್ ವಿಷಯದಲ್ಲಿ ಎರಡು ಸಾವಿರ ವರ್ಷಗಳಿಂದ ನಮ್ಮ ಕೈಗೆ ಬರುತ್ತಿರುವುದು ಬಹುಪಾಲು ಅಂಥ ಕರಪತ್ರವೇ. ಸೋತವರ ಗ್ರಂಥಗಳು ಉಳಿದಿಲ್ಲ. ಹ್ಯಾನಿಬಲ್ ಜೊತೆ ದಂಡಯಾತ್ರೆಗೆ ಹೋಗಿ ಬರೆದ ಇಬ್ಬರು ಗ್ರೀಕ್ ಲೇಖಕರಿದ್ದರು, ಅವರ ಪುಸ್ತಕಗಳೂ ಹೋದವು. ಉಳಿದದ್ದು ರೋಮ್ ಪರವಾಗಿಯೋ ರೋಮ್ ನೆರಳಿನಲ್ಲೋ ಬರೆದವರ ಮಾತು.

ಹಾಗಿದ್ದೂ ಆ ಬರಹಗಳಲ್ಲೇ ಸತ್ಯ ಇಣುಕುತ್ತದೆ. ಅದನ್ನು ಓದಿದರೆ ವಿಡಿಯೊ ಹೇಳುವ ಶಾಪ, ಪ್ರತಿಜ್ಞೆ, ಉಪ್ಪು ಮೂರೂ ನಿಲ್ಲುವುದಿಲ್ಲ. ನನ್ನ ವಾದ ಇಷ್ಟೇ: ಕಾರ್ಥೇಜ್ ವಿಧಿಯಿಂದ ಸಾಯಲಿಲ್ಲ. ಕೆಲವರು ಒಂದು ಸಭೆಯಲ್ಲಿ ಕೂತು, ಲಾಭ ನಷ್ಟ ಲೆಕ್ಕ ಹಾಕಿ, ಠರಾವು ಮಾಡಿ ಅದನ್ನು ಕೊಂದರು. ವಿಧಿಯ ಕಥೆಯನ್ನು ಆಮೇಲೆ ಹೊದಿಸಿದರು.

ಊರ ಹೆಸರೇ ಹೊಸೂರು

ಕಾರ್ಥೇಜ್ ಇದ್ದದ್ದು ಉತ್ತರ ಆಫ್ರಿಕಾದ ಕಡಲ ದಂಡೆಯಲ್ಲಿ, ಇಂದಿನ ಟುನೀಶಿಯಾ ದೇಶದ ರಾಜಧಾನಿ ಟೂನಿಸ್ ಪಕ್ಕದಲ್ಲಿ. ಇಂದಿನ ಲೆಬನಾನ್ ಕರಾವಳಿಯ ಟೈರ್ ಎಂಬ ಬಂದರಿನಿಂದ ವ್ಯಾಪಾರಕ್ಕೆ ಹಡಗೇರಿ ಬಂದ ಫಿನೀಷಿಯನ್ ಜನ ಅದನ್ನು ಕಟ್ಟಿದರು. ಸಾಂಪ್ರದಾಯಿಕ ಲೆಕ್ಕದಲ್ಲಿ ಅದು ಕ್ರಿ.ಪೂ. 814. ಅವರ ಭಾಷೆಯಲ್ಲಿ ಊರ ಹೆಸರು ಕರ್ತ್ ಹದಶ್ತ್. ಅರ್ಥ ‘ಹೊಸ ಊರು’. ನಮ್ಮ ಹೊಸೂರು, ಹೊಸಪೇಟೆ, ಹೊಸಹಳ್ಳಿ ಇದ್ದ ಹಾಗೆ. ಎದುರು ದಂಡೆಯಲ್ಲಿ, ಇಟಲಿಯಲ್ಲಿ, ರೋಮ್. ಅದು ಹುಟ್ಟಿದ ವರ್ಷವೆಂದು ರೋಮನ್ನರೇ ನಂಬಿದ್ದು ಕ್ರಿ.ಪೂ. 753.

ಈಗ ರಾಣಿಯ ಕಥೆಗೆ ಬರೋಣ. ಅವಳು ಎಲಿಸ್ಸಾ, ರೋಮನ್ನರ ಬಾಯಲ್ಲಿ ಡೈಡೊ. ಟೈರ್‌ನ ರಾಜನಾಗಿದ್ದ ಸಹೋದರ ಆಸ್ತಿಯಾಸೆಗೆ ಅವಳ ಗಂಡನನ್ನು ಕೊಂದ. ಅವಳು ನಂಬಿಕಸ್ಥರ ಜೊತೆ ಹಡಗೇರಿ ಆಫ್ರಿಕಾಕ್ಕೆ ಬಂದಳು. ಒಂದು ಎತ್ತಿನ ಚರ್ಮ ಮುಚ್ಚುವಷ್ಟು ಜಾಗ ಕೊಡಿ ಎಂದು ಅಲ್ಲಿಯವರನ್ನು ಕೇಳಿದಳು. ಒಪ್ಪಿದ ಮೇಲೆ ಚರ್ಮವನ್ನು ದಾರದಂತೆ ಸೀಳಿ ಒಂದು ಗುಡ್ಡವನ್ನೇ ಸುತ್ತಿಬಿಟ್ಟಳು. ಆ ಗುಡ್ಡ ಬಿರ್ಸಾ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಚರ್ಮ ಎಂಬ ಅರ್ಥವಿದೆ. ಕಾರ್ಥೇಜಿನವರ ಮಾತು ಗ್ರೀಕ್ ಅಲ್ಲ. ಅಂದರೆ ಹೆಸರು ಮೊದಲು, ಕಥೆ ಆಮೇಲೆ. ಅದರಲ್ಲೂ ಒಂದು ಚುಚ್ಚು ಇದೆ ನೋಡಿ: ‘ಇವರು ಹುಟ್ಟಿನಿಂದಲೇ ಮೋಸಗಾರರು, ಜಾಗ ಕೊಂಡದ್ದೇ ಮೋಸದಿಂದ.’

ಕಥೆಯ ಹಳೆಯ ರೂಪದಲ್ಲಿ ಎಲಿಸ್ಸಾ ಸಾಯುವುದು ಅಲ್ಲಿನ ರಾಜನೊಬ್ಬ ಬಲವಂತವಾಗಿ ಮದುವೆಯಾಗಲು ಬಂದದ್ದಕ್ಕೆ. ಗಂಡನ ನೆನಪಿಗೆ ದ್ರೋಹ ಮಾಡಲಾರದೆ ಚಿತೆ ಏರುತ್ತಾಳೆ. ಅಲ್ಲಿ ರೋಮ್ ಇಲ್ಲ, ಶಾಪವೂ ಇಲ್ಲ. ನಮಗೆಲ್ಲ ಗೊತ್ತಿರುವ ಶಾಪದ ಕಥೆ ಬಂದದ್ದು ವರ್ಜಿಲ್ ಎಂಬ ರೋಮನ್ ಕವಿಯ ‘ಈನಿಯಡ್’ ಕಾವ್ಯದಲ್ಲಿ. ಅಲ್ಲಿ ಟ್ರಾಯ್ ನಗರದಿಂದ ಓಡಿಬಂದ ಈನಿಯಸ್, ಅಂದರೆ ರೋಮನ್ನರ ಮೂಲಪುರುಷ, ರಾಣಿಯನ್ನು ಪ್ರೀತಿಸಿ ಬಿಟ್ಟುಹೋಗುತ್ತಾನೆ. ಅವಳು ಸಾಯುವಾಗ ನಮ್ಮ ಎರಡು ಜನರ ನಡುವೆ ಎಂದೂ ಸ್ನೇಹ ಬೇಡ, ನನ್ನ ಬೂದಿಯಿಂದ ಒಬ್ಬ ಸೇಡು ತೀರಿಸುವವನು ಹುಟ್ಟಲಿ ಎಂದು ಶಪಿಸುತ್ತಾಳೆ. ಓದಿದವರಿಗೆ ಹ್ಯಾನಿಬಲ್ ನೆನಪಾಗಬೇಕು. ಅದಕ್ಕೇ ಬರೆದದ್ದು.

ಲೆಕ್ಕ ಹಾಕಿ. ಪ್ರಾಚೀನರ ಲೆಕ್ಕದಲ್ಲೇ ಟ್ರಾಯ್ ಬಿದ್ದದ್ದು ಕ್ರಿ.ಪೂ. 1184ರಲ್ಲಿ. ಕಾರ್ಥೇಜ್ ಹುಟ್ಟಿದ್ದು 814ರಲ್ಲಿ. ನಡುವೆ 370 ವರ್ಷ. ಈನಿಯಸ್ ಬಂದಿದ್ದರೂ ಅಲ್ಲಿ ರಾಣಿಯೂ ಇರುತ್ತಿರಲಿಲ್ಲ, ಊರೂ ಇರುತ್ತಿರಲಿಲ್ಲ.

ಇನ್ನೊಂದು ಲೆಕ್ಕ. ವರ್ಜಿಲ್ ಈ ಕಾವ್ಯ ಬರೆದದ್ದು ಕ್ರಿ.ಪೂ. 29ರಿಂದ 19ರ ನಡುವೆ. ಕಾರ್ಥೇಜ್ ನಾಶವಾದದ್ದು 146ರಲ್ಲಿ. ಅಂದರೆ ಕೊಲೆಯಾಗಿ ನೂರು ವರ್ಷ ದಾಟಿದ ಮೇಲೆ ಕೊಂದವರ ಕಡೆಯ ಕವಿ ಸತ್ತವಳ ಬಾಯಿಗೆ ಶಾಪ ಹಾಕಿದ. ಕಾವ್ಯ ಅದ್ಭುತ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಅದನ್ನು ಸಾಕ್ಷಿ ಎಂದು ತರಬೇಡಿ. ‘ಜಗಳ ಶುರು ಮಾಡಿದ್ದು ಅವಳೇ, ಎಲ್ಲ ದೈವ ಬರೆದದ್ದು’ ಎನ್ನುವುದು ಆರೋಪಿಯ ವಕೀಲ ಹೇಳುವ ಮಾತು.

245 ವರ್ಷ ಜಗಳವೇ ಇರಲಿಲ್ಲ

‘ಹುಟ್ಟಾ ವೈರಿಗಳು’ ಎಂಬ ಮಾತಿಗೆ ಉತ್ತರ ಕೊಡುವವನು ಪಾಲಿಬಿಯಸ್. ಇವನು ಗ್ರೀಕ್ ಇತಿಹಾಸಕಾರ. ಒತ್ತೆಯಾಳಾಗಿ ರೋಮ್‌ಗೆ ಬಂದು ಅಲ್ಲಿನ ದೊಡ್ಡ ಮನೆತನದ ಸ್ನೇಹಿತನಾದವನು. ಕಾರ್ಥೇಜ್ ಉರಿಯುವಾಗ ರೋಮನ್ ಸೇನಾಪತಿಯ ಪಕ್ಕದಲ್ಲೇ ಇದ್ದವನು. ರೋಮ್ ವಿರೋಧಿ ಎಂದು ಇವನನ್ನು ಯಾರೂ ಅನ್ನಲಾರರು.

ರೋಮ್ ಮತ್ತು ಕಾರ್ಥೇಜ್ ನಡುವಿನ ಹಳೆಯ ಒಪ್ಪಂದಗಳು ಕಂಚಿನ ತಗಡುಗಳ ಮೇಲೆ ಕೆತ್ತಿ ರೋಮ್‌ನಲ್ಲೇ ಇದ್ದವು ಎಂದು ಇವನು ಬರೆದಿದ್ದಾನೆ. ಮೊದಲನೆಯದು ಸುಮಾರು ಕ್ರಿ.ಪೂ. 509ರದು. ಅದರ ಭಾಷೆ ಎಷ್ಟು ಹಳೆಯದೆಂದರೆ ರೋಮ್‌ನ ಪಂಡಿತರಿಗೂ ಓದಲು ಕಷ್ಟವಾಗುತ್ತಿತ್ತಂತೆ. ಯಾರ ಹಡಗು ಎಲ್ಲಿಯವರೆಗೆ ಹೋಗಬಹುದು, ಯಾರು ಎಲ್ಲಿ ವ್ಯಾಪಾರ ಮಾಡಬಹುದು ಎಂಬ ಕರಾರು ಅದು. ಆಮೇಲೆ ಇನ್ನೊಂದು ಒಪ್ಪಂದ. ಪಿರ್ರಸ್ ಎಂಬ ಗ್ರೀಕ್ ರಾಜ ದಂಡೆತ್ತಿ ಬಂದಾಗ, ಕ್ರಿ.ಪೂ. 279ರ ಹೊತ್ತಿಗೆ, ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದ ಬೇರೆ.

ಮೊದಲ ಯುದ್ಧ ಶುರುವಾದದ್ದು ಕ್ರಿ.ಪೂ. 264ರಲ್ಲಿ. ಅಲ್ಲಿಗೆ ಮೊದಲ ಒಪ್ಪಂದಕ್ಕೆ 245 ವರ್ಷ ತುಂಬಿತ್ತು. ಎಂಟೊಂಬತ್ತು ತಲೆಮಾರು ಬೇಲಿ ಒತ್ತದೆ ಬದುಕಿದ ಅಕ್ಕಪಕ್ಕದ ಹೊಲದವರನ್ನು ಹುಟ್ಟಾ ವೈರಿಗಳು ಎನ್ನುತ್ತೀರಾ?

ಮತ್ತೆ ಯುದ್ಧ ಯಾಕಾಯಿತು? ಸಿಸಿಲಿ ದ್ವೀಪದ ಮೆಸ್ಸಾನಾ ಎಂಬ ಊರನ್ನು ಕೂಲಿ ಸೈನಿಕರ ಗುಂಪೊಂದು ಆಕ್ರಮಿಸಿತ್ತು. ಸಿಕ್ಕಿಬೀಳುವ ಹೊತ್ತಿಗೆ ಅವರು ಇಬ್ಬರನ್ನೂ ನೆರವಿಗೆ ಕರೆದರು. ರೋಮ್‌ನ ಹಿರಿಯರ ಸಭೆಯಾದ ಸೆನೆಟ್‌ಗೆ ತೀರ್ಮಾನ ಮಾಡಲಾಗಲಿಲ್ಲ. ಆಗ ಅಧಿಕಾರದಲ್ಲಿದ್ದ ಕಾನ್ಸಲ್‌ಗಳು ಜನರ ಮುಂದೆ ಹೋಗಿ, ಹೋದರೆ ಒಬ್ಬೊಬ್ಬರಿಗೂ ಎಷ್ಟು ಕೊಳ್ಳೆ ಸಿಗುತ್ತದೆ ಎಂದು ವಿವರಿಸಿದರು. ಜನ ಕೈ ಎತ್ತಿದರು. ಇದನ್ನು ಬರೆದವನೂ ಪಾಲಿಬಿಯಸ್ಸೇ. ರಾಣಿಯ ಶಾಪ ಎಲ್ಲಿ ಬಂತು ಇಲ್ಲಿ?

ಹುಡುಗನ ಪ್ರತಿಜ್ಞೆ, ದೊಡ್ಡವರ ದಂಡ

ಆ ಯುದ್ಧ 23 ವರ್ಷ ನಡೆದು ಕ್ರಿ.ಪೂ. 241ರಲ್ಲಿ ಮುಗಿಯಿತು. ಕಾರ್ಥೇಜ್ ಸೋತಿತು. ಸಿಸಿಲಿ ಹೋಯಿತು. 3,200 ಟ್ಯಾಲೆಂಟ್ ದಂಡ ಬಿತ್ತು. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕೆಜಿ ಬೆಳ್ಳಿ.

ಸಂಬಳ ಸಿಗದ ಕೂಲಿ ಸೈನಿಕರು ಕಾರ್ಥೇಜ್ ಮೇಲೆಯೇ ತಿರುಗಿಬಿದ್ದರು. ಮನೆಗೆ ಬೆಂಕಿ ಬಿದ್ದಾಗ ಪಕ್ಕದವನು ಬಂದು ಹಿತ್ತಲು ಒತ್ತುವರಿ ಮಾಡಿದ ಹಾಗೆ, ಆ ಗಲಾಟೆಯಲ್ಲಿ ರೋಮ್ ಸಾರ್ಡೀನಿಯಾ ದ್ವೀಪವನ್ನು ಕಿತ್ತುಕೊಂಡಿತು. ಪ್ರಶ್ನಿಸಿದ್ದಕ್ಕೆ ಯುದ್ಧದ ಬೆದರಿಕೆ ಹಾಕಿ ಇನ್ನೂ 1,200 ಟ್ಯಾಲೆಂಟ್ ವಸೂಲಿ ಮಾಡಿತು. ಇದಕ್ಕೆ ಯಾವ ನ್ಯಾಯವೂ ಇರಲಿಲ್ಲ ಎಂದು ಪಾಲಿಬಿಯಸ್ ಕೂಡ ಒಪ್ಪುತ್ತಾನೆ. ಮುಂದಿನ ದೊಡ್ಡ ಯುದ್ಧಕ್ಕೆ ಮುಖ್ಯ ಕಾರಣವೂ ಇದೇ ಎನ್ನುತ್ತಾನೆ.

ಈ ಅವಮಾನದ ಬೆನ್ನಿಗೇ ಹ್ಯಾಮಿಲ್ಕರ್ ಎಂಬ ಸೇನಾಪತಿ ಸ್ಪೇನ್‌ಗೆ ಹೊರಟ. ಒಂಬತ್ತು ವರ್ಷದ ಮಗ ಹ್ಯಾನಿಬಲ್ ಕೈಯಲ್ಲಿ ದೇವರ ಮುಂದೆ ಪ್ರತಿಜ್ಞೆ ಮಾಡಿಸಿದ ಎಂಬ ಕಥೆ ಅಲ್ಲಿಂದ ಹುಟ್ಟಿತು. ಈ ಕಥೆ ಹೇಳಿದವನು ಹ್ಯಾನಿಬಲ್ಲೇ. ಯಾವಾಗ? ಮುಪ್ಪಿನ ಹೊತ್ತಿಗೆ, ಊರು ಬಿಟ್ಟು ಸಿರಿಯಾದ ರಾಜನ ಆಶ್ರಯದಲ್ಲಿದ್ದಾಗ, ‘ಇವನು ರೋಮ್ ಕಡೆಯವನಾಗಿರಬಹುದೇ’ ಎಂದು ರಾಜನಿಗೆ ಅನುಮಾನ ಬಂದಾಗ. ಪಾಲಿಬಿಯಸ್ ಬರೆದ ರೂಪದಲ್ಲಿ ಅದು ರೋಮ್‌ಗೆ ಎಂದೂ ಸ್ನೇಹಿತನಾಗುವುದಿಲ್ಲ ಎಂಬ ಮಾತು. ನೂರಕ್ಕೂ ಹೆಚ್ಚು ವರ್ಷದ ಮೇಲೆ ರೋಮನ್ ಇತಿಹಾಸಕಾರ ಲಿವಿ ಬರೆಯುವಾಗ ಅದು ರೋಮ್‌ಗೆ ಶತ್ರುವಾಗುತ್ತೇನೆ ಎಂದಾಯಿತು. ಬಾಯಿಂದ ಬಾಯಿಗೆ ಹೋದ ಮಾತಿಗೆ ಕೊಂಬು ಬಂದದ್ದು ಹೀಗೆ.

ಪ್ರತಿಜ್ಞೆ ನಡೆದೇ ಇರಬಹುದು. ಆದರೆ ಒಂಬತ್ತು ವರ್ಷದ ಹುಡುಗನ ಮಾತನ್ನು ಯುದ್ಧಕ್ಕೆ ಕಾರಣ ಎನ್ನುವವರು, ಆ ಮಾತಿಗೆ ಕಾರಣವಾದ ದ್ವೀಪವನ್ನೂ 1,200 ಟ್ಯಾಲೆಂಟನ್ನೂ ಯಾಕೆ ಹೇಳುವುದಿಲ್ಲ?

ಎರಡನೇ ಯುದ್ಧದ ಆನೆ, ಆಲ್ಪ್ಸ್ ಎಲ್ಲ ನಿಮಗೆ ವಿಡಿಯೊದಲ್ಲಿ ಸಿಗುತ್ತದೆ. ಇಲ್ಲಿ ಬೇಗ ದಾಟುತ್ತೇನೆ. ಕ್ರಿ.ಪೂ. 218ರಲ್ಲಿ ಹ್ಯಾನಿಬಲ್ ಇಟಲಿಗೆ ಇಳಿದ. 216ರಲ್ಲಿ ಕ್ಯಾನೆ ಎಂಬಲ್ಲಿ ಒಂದೇ ದಿನ ರೋಮ್‌ನ ಸುಮಾರು 50,000 ಜನ ಸತ್ತರು; ಲಿವಿ ಹೇಳುವ ಲೆಕ್ಕ ಅದು, ಪಾಲಿಬಿಯಸ್ ಇನ್ನೂ ಹೆಚ್ಚು ಹೇಳುತ್ತಾನೆ. ಹದಿನೈದು ವರ್ಷ ಇಟಲಿಯಲ್ಲಿದ್ದೂ ರೋಮ್ ನಗರ ಅವನಿಗೆ ಸಿಗಲಿಲ್ಲ. 202ರಲ್ಲಿ ಆಫ್ರಿಕಾದ ಜಾಮಾ ಎಂಬಲ್ಲಿ ಸೋತ. ಈ ಸಲದ ದಂಡ 10,000 ಟ್ಯಾಲೆಂಟ್, 50 ವರ್ಷದ ಕಂತು. ಯುದ್ಧದ ಹಡಗು ಹತ್ತಕ್ಕಿಂತ ಹೆಚ್ಚು ಇರಕೂಡದು. ಆನೆ ಸಾಕಕೂಡದು. ರೋಮ್ ಅಪ್ಪಣೆಯಿಲ್ಲದೆ ಯಾರ ಮೇಲೂ ಯುದ್ಧ ಮಾಡಕೂಡದು.

ಇನ್ನು ವಿಡಿಯೊಗಳು ತೋರಿಸದ ಹ್ಯಾನಿಬಲ್. ಸೋತು ಊರಿಗೆ ಬಂದವನು ಕ್ರಿ.ಪೂ. 196ರಲ್ಲಿ ಕಾರ್ಥೇಜ್‌ನ ಮುಖ್ಯ ಅಧಿಕಾರಿಯಾದ. ತೆರಿಗೆ ಲೆಕ್ಕ ತೆಗೆಸಿದ. ದೊಡ್ಡ ಮನುಷ್ಯರು ಸಾರ್ವಜನಿಕ ಹಣ ನುಂಗಿದ್ದು ಬಯಲಾಯಿತು. ಅದನ್ನು ವಸೂಲಿ ಮಾಡಿದರೆ ಜನರ ಮೇಲೆ ಹೊಸ ತೆರಿಗೆಯಿಲ್ಲದೆ ದಂಡ ಕಟ್ಟಬಹುದು ಎಂದು ತೋರಿಸಿದ. ನುಂಗಿದವರು ಸುಮ್ಮನಿರುತ್ತಾರೆಯೇ? ರೋಮ್‌ಗೆ ಚಾಡಿ ಬರೆದರು. ಮರುವರ್ಷವೇ ಅವನು ರಾತ್ರೋರಾತ್ರಿ ಊರು ಬಿಡಬೇಕಾಯಿತು. ಇದನ್ನು ಬರೆದವನು ರೋಮನ್ನರ ಲಿವಿ. ಆನೆಗಿಂತ ಈ ಲೆಕ್ಕಪತ್ರದ ಕಥೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕ್ರಿ.ಪೂ. 191ರಲ್ಲಿ ಕಾರ್ಥೇಜ್ ಬಾಕಿ ದಂಡವನ್ನೆಲ್ಲ ಒಟ್ಟಿಗೇ ಕಟ್ಟುತ್ತೇವೆ ಎಂದಿತು. ರೋಮ್ ಬೇಡ ಎಂದಿತು. ಸಾಲ ತೀರಿಸಲು ಹೋದವನಿಗೆ ಸಾಹುಕಾರ ಬೇಡ ಎನ್ನುವುದು ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವನಿಗೆ ಬೇಕಾದದ್ದು ಹಣವಲ್ಲ, ಹಿಡಿತ.

ಅಂಜೂರದ ರಾಜಕೀಯ

50 ವರ್ಷದ ಕಂತು ಕ್ರಿ.ಪೂ. 151ಕ್ಕೆ ಮುಗಿಯಿತು. ಋಣ ಹರಿದ ಕಾರ್ಥೇಜ್ ಸೈನ್ಯವಿಲ್ಲದಿದ್ದರೂ ಬೇಸಾಯ, ವ್ಯಾಪಾರದಲ್ಲಿ ಚೇತರಿಸಿಕೊಂಡಿತ್ತು. ಅದೇ ಅಪರಾಧವಾಯಿತು.

ಆ ಹೊತ್ತಿಗೆ ಎಂಬತ್ತು ದಾಟಿದ್ದ ಕ್ಯಾಟೊ ಎಂಬ ರೋಮನ್ ರಾಜಕಾರಣಿ ರಾಯಭಾರಿಯಾಗಿ ಕಾರ್ಥೇಜ್‌ಗೆ ಹೋಗಿ ಅಲ್ಲಿನ ಸಮೃದ್ಧಿ ನೋಡಿ ಹೊಟ್ಟೆ ಉರಿದುಕೊಂಡು ಬಂದ. ಸೆನೆಟ್‌ನಲ್ಲಿ ಮೇಲುಡುಗೆ ಕೊಡವಿ ಅಂಜೂರದ ಹಣ್ಣು ಬೀಳಿಸಿದ. ಎಲ್ಲರೂ ಹಣ್ಣು ಎಷ್ಟು ಚೆನ್ನಾಗಿದೆ ಎಂದರು. ಇದು ಬೆಳೆಯುವ ನಾಡು ಇಲ್ಲಿಂದ ಮೂರೇ ದಿನದ ದಾರಿ ಎಂದ. ಅಲ್ಲಿಂದಾಚೆ ಯಾವ ವಿಷಯದ ಮೇಲೆ ಮಾತಾಡಿದರೂ ಕೊನೆಗೆ ಕಾರ್ಥೇಜ್ ಇರಕೂಡದು ಎಂದು ಸೇರಿಸುತ್ತಿದ್ದನಂತೆ.

ಆ ಅಂಜೂರ ನಿಜವಾಗಿ ಕಾರ್ಥೇಜ್‌ನದೇ? ಕ್ಯಾಟೊ ಸ್ವತಃ ಬೇಸಾಯದ ಮೇಲೆ ಪುಸ್ತಕ ಬರೆದವನು. ಆ ಪುಸ್ತಕ ಇಂದಿಗೂ ಇದೆ. ಅದರಲ್ಲಿ ಇಟಲಿಯ ತೋಟದಲ್ಲಿ ಯಾವ ಅಂಜೂರ ನೆಡಬೇಕು ಎಂಬ ಪಟ್ಟಿಯಿದೆ. ಆ ಪಟ್ಟಿಯಲ್ಲಿ ಆಫ್ರಿಕಾ ತಳಿಯೂ ಇದೆ. ಅಂದರೆ ಸಭೆಯಲ್ಲಿ ಬಿದ್ದ ಹಣ್ಣು ಅವನದೇ ಹಿತ್ತಲಿನದಾಗಿರಲು ಏನೂ ಅಡ್ಡಿಯಿರಲಿಲ್ಲ.

ಸಿಪಿಯೊ ನಾಸಿಕಾ ಎಂಬ ಹಿರಿಯ ಸೆನೆಟರ್ ಮಾತ್ರ ಇದಕ್ಕೆ ಎದುರಾಗಿ ಕಾರ್ಥೇಜ್ ಇರಲಿ ಎನ್ನುತ್ತಿದ್ದ. ಇದನ್ನು ನೆನಪಿಡಿ. ‘ಬೇರೆ ದಾರಿಯೇ ಇರಲಿಲ್ಲ’ ಎನ್ನುವವರಿಗೆ ಉತ್ತರ ಇದು. ಬೇರೆ ದಾರಿಯನ್ನು ಅದೇ ಸಭೆಯಲ್ಲಿ ಒಬ್ಬ ಎದ್ದು ನಿಂತು ಹೇಳಿದ್ದ. ಕೇಳಲಿಲ್ಲ, ಅಷ್ಟೇ.

ಯುದ್ಧಕ್ಕೆ ನೆಪ ಬೇಕಿತ್ತು. ಪಕ್ಕದ ನುಮೀಡಿಯಾದ ರಾಜ ಮಸಿನಿಸ್ಸಾ ವರ್ಷಗಟ್ಟಲೆ ಕಾರ್ಥೇಜ್‌ನ ನೆಲ ಒತ್ತುತ್ತಿದ್ದ. ದೂರು ಹೋದರೆ ರೋಮ್‌ನವರೇ ಪಂಚರು, ರೋಮ್‌ನ ಗೆಳೆಯನೇ ಒತ್ತುವರಿದಾರ. ಕೊನೆಗೆ ಕಾರ್ಥೇಜ್ ಅಪ್ಪಣೆಯಿಲ್ಲದೆ ಅವನ ಮೇಲೆ ಸೈನ್ಯ ಕಳಿಸಿತು. ಕರಾರು ಮುರಿದದ್ದು ನಿಜ. ಆದರೆ ರೋಮ್‌ನವರು ಬಹಳ ಮೊದಲೇ ಮನಸ್ಸು ಮಾಡಿದ್ದರು, ಲೋಕ ಒಪ್ಪುವ ನೆಪಕ್ಕೆ ಕಾಯುತ್ತಿದ್ದರು ಎಂದು ಪಾಲಿಬಿಯಸ್ ಬರೆದಿದ್ದಾನೆ.

ಮೊದಲು ಮಕ್ಕಳು, ಆಮೇಲೆ ಆಯುಧ, ಕೊನೆಗೆ ಊರು

ಕ್ರಿ.ಪೂ. 149. ಕಾರ್ಥೇಜ್ ಯುದ್ಧವೇ ಬೇಡ ಎಂದು ಶರಣಾಯಿತು. ಹಾಗಾದರೆ ದೊಡ್ಡ ಮನೆತನಗಳ 300 ಮಕ್ಕಳನ್ನು ಒತ್ತೆ ಕೊಡಿ ಎಂದಿತು ರೋಮ್. ತಾಯಂದಿರ ಗೋಳಾಟದ ನಡುವೆ ಮಕ್ಕಳು ಹಡಗೇರಿದರು. ಆಯುಧ ಒಪ್ಪಿಸಿ ಎಂದರು. ಎರಡು ಲಕ್ಷ ಸೈನಿಕರಿಗಾಗುವಷ್ಟು ಕವಚ ಆಯುಧ, 2,000 ಕವಣೆಯಂತ್ರ ಗಾಡಿಗಳಲ್ಲಿ ಹೋದವು. ಕೈ ಬರಿದಾದ ಮೇಲೆ ಕೊನೆಯ ಅಪ್ಪಣೆ ಬಂತು. ಊರು ಖಾಲಿ ಮಾಡಿ, ಕೆಡವುತ್ತೇವೆ. ಕಡಲಿನಿಂದ 80 ಸ್ಟೇಡಿಯ ದೂರ, ನಮ್ಮ ಲೆಕ್ಕದಲ್ಲಿ ಸುಮಾರು 15 ಕಿಲೋಮೀಟರ್ ಒಳಗೆ ಎಲ್ಲಾದರೂ ಇರಿ.

ಆ ಹೊತ್ತಿನಲ್ಲಿ ರೋಮ್‌ನ ಕಾನ್ಸಲ್ ಮಾಡಿದ ಉಪದೇಶವನ್ನು ಮುಂದೆ ಅಪ್ಪಿಯನ್ ಎಂಬ ಇತಿಹಾಸಕಾರ ಬರೆದಿದ್ದಾನೆ. ಕಡಲು ಮನುಷ್ಯನಿಗೆ ದುರಾಸೆ ಹುಟ್ಟಿಸುತ್ತದೆ, ಒಳನಾಡಿನಲ್ಲಿ ಬೇಸಾಯ ಮಾಡಿಕೊಂಡಿರುವುದೇ ನೆಮ್ಮದಿ ಎಂಬರ್ಥದ ಮಾತು. ಜನರನ್ನು ಒಕ್ಕಲೆಬ್ಬಿಸುವಾಗ ಬೇಸಾಯದ ಸುಖ ವರ್ಣಿಸುವವರು ಅಂದೂ ಇದ್ದರು ನೋಡಿ. ನೇಗಿಲು ಹಿಡಿಯದವರೇ ಅದನ್ನು ಚೆನ್ನಾಗಿ ವರ್ಣಿಸುತ್ತಾರೆ.

ಕಾರ್ಥೇಜ್ ಆಗ ತಿರುಗಿಬಿತ್ತು. ಗುಡಿಗಳೇ ಕಮ್ಮಟವಾದವು. ಗಂಡಸರು ಹೆಂಗಸರು ಹಗಲಿರುಳು ಪಾಳಿಯಲ್ಲಿ ದುಡಿದು ದಿನಕ್ಕೆ 100 ಗುರಾಣಿ, 300 ಕತ್ತಿ, ಕವಣೆಗೆ 1,000 ಬಾಣ ಮಾಡಿದರು. ಕವಣೆಯಂತ್ರದ ಹಗ್ಗಕ್ಕೆ ಹೆಂಗಸರು ತಲೆಗೂದಲು ಕತ್ತರಿಸಿ ಕೊಟ್ಟರು. ಹೀಗೆ ಮೂರು ವರ್ಷ ತಡೆದರು. ಕ್ರಿ.ಪೂ. 146ರಲ್ಲಿ ಗೋಡೆ ಬಿತ್ತು. ಆರು ದಿನ ಬೀದಿ ಬೀದಿಯಲ್ಲಿ, ಮಹಡಿ ಮಹಡಿಯಲ್ಲಿ ಕಾದಾಟ. ಕೊನೆಗೆ ಬಿರ್ಸಾ ಗುಡ್ಡದಿಂದ ಕೈ ಎತ್ತಿ ಹೊರಬಂದವರು 50,000 ಜನ. ಅವರನ್ನು ಗುಲಾಮರನ್ನಾಗಿ ಮಾರಿದರು. ಸೇನಾಪತಿ ಸಿಪಿಯೊ ಉರಿಯುವ ಊರನ್ನು ನೋಡಿ ಕಣ್ಣೀರು ಹಾಕಿದ, ಮುಂದೊಂದು ದಿನ ರೋಮ್‌ಗೂ ಹೀಗಾಗಬಹುದು ಎಂದು ಪಕ್ಕದಲ್ಲಿದ್ದ ಪಾಲಿಬಿಯಸ್‌ಗೆ ಹೇಳಿದ. ಕಣ್ಣೀರು ಹಾಕಿದವನು ಬೆಂಕಿ ಆರಿಸಲಿಲ್ಲ.

ಆಮೇಲೆ ರೋಮನ್ನರು ಒಂದು ಕೆಲಸ ಮಾಡಿದರು. ಇಲ್ಲಿ ಯಾರೂ ಮನೆ ಕಟ್ಟಕೂಡದು ಎಂದು ಆ ನೆಲಕ್ಕೆ ವಿಧಿವತ್ತಾಗಿ ಶಾಪ ಹಾಕಿದರು. ಹೌದು, ಈ ಇಡೀ ಚರಿತ್ರೆಯಲ್ಲಿ ದಾಖಲೆ ಇರುವ ಶಾಪ ಇದೊಂದೇ. ಹಾಕಿದವಳು ಡೈಡೊ ಅಲ್ಲ, ರೋಮ್. ಸುಮಾರು 117 ವರ್ಷದ ಮೇಲೆ ಅದೇ ರೋಮ್ ಆ ಶಾಪ ಮರೆತು ಅಲ್ಲೇ ತನ್ನ ಜನರನ್ನು ನೆಲೆಗೊಳಿಸಿತು. ಆ ವರ್ಷಗಳಲ್ಲೇ ವರ್ಜಿಲ್ ಕೂತು ರಾಣಿಯ ಶಾಪ ಬರೆಯುತ್ತಿದ್ದ.

ಉಪ್ಪು ಸುಳ್ಳು, ಪುಸ್ತಕ ನಿಜ

ಉಪ್ಪು ಬಿತ್ತಿದ ಕಥೆಯನ್ನು ಒಬ್ಬ ಪ್ರಾಚೀನ ಲೇಖಕನೂ ಬರೆದಿಲ್ಲ. ಪಾಲಿಬಿಯಸ್ ಇಲ್ಲ, ಲಿವಿ ಇಲ್ಲ, ಅಪ್ಪಿಯನ್ ಇಲ್ಲ. ಇದು ಬಹಳ ಈಚಿನ ಕಾಲದಲ್ಲಿ ಸೇರಿ, 20ನೇ ಶತಮಾನದ ಇತಿಹಾಸ ಪುಸ್ತಕಗಳಿಂದ ಎಲ್ಲೆಡೆ ಹರಡಿದ ಮಾತು. ಬೇಸಾಯ ಗೊತ್ತಿದ್ದವರು ಕೇಳಬೇಕಾದ ಪ್ರಶ್ನೆ ಸರಳ: ಗೆದ್ದ ನೆಲವನ್ನು ಯಾರು ಹಾಳು ಮಾಡುತ್ತಾರೆ? ರೋಮ್ ಆ ನೆಲವನ್ನು ತನ್ನ ಪ್ರಾಂತ್ಯ ಮಾಡಿಕೊಂಡಿತು. ಮುಂದೆ ವರ್ಷದ ಎಂಟು ತಿಂಗಳು ರೋಮ್ ಉಂಡದ್ದು ಆಫ್ರಿಕಾದ ಕಾಳನ್ನು ಎಂದು 1ನೇ ಶತಮಾನದ ಯಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ.

ಉಪ್ಪಿಗಿಂತ ದೊಡ್ಡ ಸಂಗತಿಯನ್ನು ಯಾರೂ ವಿಡಿಯೊ ಮಾಡುವುದಿಲ್ಲ. ಕಾರ್ಥೇಜ್‌ನ ಗ್ರಂಥಾಲಯಗಳನ್ನು ರೋಮ್ ಸುತ್ತಲಿನ ಆಫ್ರಿಕನ್ ಅರಸರಿಗೆ ಹಂಚಿಬಿಟ್ಟಿತು. ಒಂದೇ ಒಂದು ಗ್ರಂಥವನ್ನು ಇಟ್ಟುಕೊಂಡು ಲ್ಯಾಟಿನ್‌ಗೆ ಅನುವಾದ ಮಾಡಲು ಸೆನೆಟ್ಟೇ ಆಜ್ಞೆ ಮಾಡಿತು. ಅದು ಕಾವ್ಯವಲ್ಲ, ಧರ್ಮಗ್ರಂಥವಲ್ಲ, ಯುದ್ಧಶಾಸ್ತ್ರವಲ್ಲ. ಮಾಗೊ ಎಂಬವನು 28 ಭಾಗಗಳಲ್ಲಿ ಬರೆದ ಬೇಸಾಯದ ಪುಸ್ತಕ. ಅದೂ ಪೂರ್ತಿ ಉಳಿದಿಲ್ಲ, ರೋಮನ್ ಲೇಖಕರು ಎತ್ತಿಕೊಂಡ ತುಣುಕುಗಳಿವೆ. ಎತ್ತು ಕೊಳ್ಳುವಾಗ ಏನು ನೋಡಬೇಕು ಎಂದು ಅದರಲ್ಲಿದೆ: ಎಳೆಯ ವಯಸ್ಸು, ಚೌಕಟ್ಟಾದ ಮೈ, ಕಪ್ಪು ಗಟ್ಟಿ ಕೊಂಬು, ಅಗಲ ಹಣೆ, ಮೊಣಕಾಲವರೆಗೆ ಜೋಲುವ ಕೊರಳ ತೊಗಲು. ದನದ ಜಾತ್ರೆಗೆ ಹೋದ ಯಾರನ್ನಾದರೂ ಕೇಳಿ, ತಲೆದೂಗುತ್ತಾರೆ. ಹೊಲ ಕೊಂಡವನು ಪಟ್ಟಣದ ಮನೆ ಮಾರಬೇಕು, ಎರಡು ಕಡೆ ಮನಸ್ಸಿಟ್ಟರೆ ಬೇಸಾಯ ಕೆಡುತ್ತದೆ ಎಂಬುದೂ ಅವನ ಮಾತು.

ಲ್ಯಾಟಿನ್ ಭಾಷೆಯಲ್ಲಿ ‘ಕಾರ್ಥೇಜ್‌ನವರ ನಂಬಿಕೆ’ ಎಂದರೆ ಮೋಸ ಎಂದರ್ಥ. ಆ ಮೋಸಗಾರರ ಮಾತನ್ನೇ ನಂಬಿ ರೋಮನ್ ಜಮೀನ್ದಾರರು ಎತ್ತು ಕೊಂಡರು, ತೋಟ ಮಾಡಿದರು. ಮಾಗೊನನ್ನು ಬೇಸಾಯದ ತಂದೆ ಎಂದು ಕೊಲ್ಯುಮೆಲ್ಲಾ ಎಂಬ ರೋಮನ್ ಲೇಖಕ ಕರೆದ. ಊರು ಬೇಡ, ಜನ ಬೇಡ, ಭಾಷೆ ಬೇಡ. ವಿದ್ಯೆ ಮಾತ್ರ ಬೇಕು.

ಹಾಗಾದರೆ ಕಾರ್ಥೇಜ್ ಒಳ್ಳೆಯದೇ?

ಇಲ್ಲ. ಸೋತವರನ್ನೆಲ್ಲ ಪುಣ್ಯವಂತರು ಮಾಡಿದರೆ ಅದೂ ಇನ್ನೊಂದು ಕರಪತ್ರವೇ.

ಮೊದಲ ಯುದ್ಧದ ಖರ್ಚಿಗೆ ಕಾರ್ಥೇಜ್ ತನ್ನ ಕೈಕೆಳಗಿದ್ದ ಲಿಬಿಯಾದ ರೈತರಿಂದ ಬೆಳೆಯ ಅರ್ಧ ಭಾಗ ಕಿತ್ತುಕೊಂಡಿತು. ಪಟ್ಟಣಗಳ ತೆರಿಗೆ ಎರಡು ಪಟ್ಟು ಮಾಡಿತು. ಬಡವರಿಗೂ ರಿಯಾಯಿತಿ ಇಲ್ಲ. ಹೆಚ್ಚು ಹಿಂಡಿದ ಅಧಿಕಾರಿಗೆ ಹೆಚ್ಚು ಮರ್ಯಾದೆ. ಅದಕ್ಕೇ ಕೂಲಿ ಸೈನಿಕರು ದಂಗೆ ಎದ್ದಾಗ ಹಳ್ಳಿಗಳೂ ಎದ್ದವು. ತೆರಿಗೆ ಕಟ್ಟಲಾಗದ ಗಂಡಂದಿರನ್ನು, ಅಪ್ಪಂದಿರನ್ನು ಎಳೆದೊಯ್ದದ್ದು ಕಂಡ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿ ದಂಗೆಯ ಖರ್ಚಿಗೆ ಕೊಟ್ಟರು. ಕಾರ್ಥೇಜ್ ಆ ದಂಗೆಯನ್ನು ರಕ್ತದಲ್ಲಿ ಮುಳುಗಿಸಿತು. ಕೂದಲು ಕೊಟ್ಟ ಕಾರ್ಥೇಜ್ ಹೆಂಗಸರ ಕಥೆ ಗೊತ್ತಿರುವವರು, ಒಡವೆ ಕೊಟ್ಟ ಲಿಬಿಯಾದ ಹೆಂಗಸರನ್ನೂ ನೆನೆಯಬೇಕು.

ಇನ್ನು ಗೆದ್ದ ಕಡೆಯ ರೈತನಿಗೆ ಏನು ಸಿಕ್ಕಿತು? ಕಾರ್ಥೇಜ್ ಗೋಡೆಯನ್ನು ಮೊದಲು ಹತ್ತಿದವರಲ್ಲಿ ಟೈಬೀರಿಯಸ್ ಗ್ರಾಕಸ್ ಎಂಬ ಯುವಕನೂ ಒಬ್ಬ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ವರ್ಷಗಟ್ಟಲೆ ದಂಡಿಗೆ ಹೋದ ರೋಮನ್ ರೈತನ ಹೊಲ ಪಾಳು ಬಿದ್ದಿತ್ತು. ಸಾಹುಕಾರರು ಅವನ್ನೆಲ್ಲ ಸೇರಿಸಿಕೊಂಡು, ಯುದ್ಧದಲ್ಲಿ ಹಿಡಿದ ಗುಲಾಮರಿಂದ ದುಡಿಸುತ್ತಿದ್ದರು. ದೇಶಕ್ಕಾಗಿ ಕಾದಾಡಿದವರಿಗೆ ತಮ್ಮದೆನ್ನಲು ಒಂದು ಹೆಂಟೆ ಮಣ್ಣೂ ಇಲ್ಲ ಎಂದು ಟೈಬೀರಿಯಸ್ ಸಭೆಯಲ್ಲಿ ಕೇಳಿದ. ಸಾರ್ವಜನಿಕ ಜಮೀನು ಒಬ್ಬರ ಕೈಯಲ್ಲಿ 500 ಯುಗೆರಕ್ಕಿಂತ, ಅಂದರೆ ಸುಮಾರು 310 ಎಕರೆಗಿಂತ ಹೆಚ್ಚು ಇರಕೂಡದು, ಮಿಕ್ಕದ್ದನ್ನು ಬಡವರಿಗೆ ಹಂಚಬೇಕು ಎಂದು ಕಾನೂನು ತಂದ. ಕ್ರಿ.ಪೂ. 133ರಲ್ಲಿ, ಕಾರ್ಥೇಜ್ ಬಿದ್ದು 13 ವರ್ಷಕ್ಕೆ, ಸೆನೆಟರ್‌ಗಳೇ ಗುಂಪು ಕಟ್ಟಿಕೊಂಡು ಬಂದು ಅವನನ್ನೂ ಅವನ 300ಕ್ಕೂ ಹೆಚ್ಚು ಬೆಂಬಲಿಗರನ್ನೂ ಬಡಿದು ಕೊಂದು ಹೆಣಗಳನ್ನು ಟೈಬರ್ ಹೊಳೆಗೆ ಎಸೆದರು.

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತೇವೆ. ಇಲ್ಲಿ ಸೋತ ಕೋಣದ ಕಡೆಯ ಗಿಡವೂ ಸತ್ತಿತು, ಗೆದ್ದ ಕೋಣದ ಕಡೆಯ ಗಿಡವೂ ಸತ್ತಿತು.

ಇದೆಲ್ಲ ನಮಗ್ಯಾಕೆ?

ಎರಡು ಸಾವಿರ ವರ್ಷದ ಹಿಂದಿನ, ಕಡಲಾಚೆಯ ಜಗಳ ಕಟ್ಟಿಕೊಂಡು ನಮಗೇನಾಗಬೇಕು ಎಂದು ಕೇಳಬಹುದು. ಆನೆ ವಿಡಿಯೊ ಮನರಂಜನೆ ಅಷ್ಟೇ, ಬಿಟ್ಟುಬಿಡಿ ಎನ್ನಬಹುದು.

ಬಿಡಲು ಆಗದಿರುವುದಕ್ಕೆ ಕಾರಣ ‘ಹುಟ್ಟಾ ವೈರಿಗಳು’ ಎಂಬ ಎರಡು ಪದ. ಆ ಎರಡು ಪದ ನಂಬಿದರೆ ಸಾರ್ಡೀನಿಯಾ ಕಿತ್ತುಕೊಂಡವನು ಕಾಣುವುದಿಲ್ಲ, ಕೊಳ್ಳೆಯ ಆಸೆ ತೋರಿಸಿದವನು ಕಾಣುವುದಿಲ್ಲ, ಅಂಜೂರ ಬೀಳಿಸಿದವನು ಕಾಣುವುದಿಲ್ಲ, ಬೆಳೆಯ ಅರ್ಧ ಕಿತ್ತುಕೊಂಡವನೂ ಕಾಣುವುದಿಲ್ಲ. ಎಲ್ಲ ವಿಧಿಯ ಲೆಕ್ಕಕ್ಕೆ ಹೋಗುತ್ತದೆ. ಯಾರೂ ಜವಾಬ್ದಾರರಲ್ಲ. ಯಾವ ಕಾಲದ, ಯಾವ ದೇಶದ, ಯಾವ ಎರಡು ಗುಂಪಿನ ಬಗ್ಗೆಯಾದರೂ ಈ ಎರಡು ಪದ ಕೇಳಿದಾಗ ಮೊದಲು ಕೇಳಬೇಕಾದ್ದು: ಇದನ್ನು ಹೇಳುತ್ತಿರುವವನಿಗೆ ಏನು ಲಾಭ? ಯಾವಾಗಿನಿಂದ ವೈರ? ಅದಕ್ಕೆ ಮೊದಲು ಹೇಗಿದ್ದರು?

1985ರ ಫೆಬ್ರುವರಿಯಲ್ಲಿ ರೋಮ್ ನಗರದ ಮೇಯರ್ ಟುನೀಶಿಯಾಕ್ಕೆ ಹೋಗಿ ಕಾರ್ಥೇಜ್‌ನ ಮೇಯರ್ ಜೊತೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಊರು ಸುಟ್ಟು 2,130 ವರ್ಷವಾಗಿತ್ತು. ಎಷ್ಟು ಸುಲಭವಾಗಿತ್ತು ನೋಡಿ: ಒಂದು ಮೇಜು, ಎರಡು ಪೆನ್ನು. ನಾಸಿಕಾ ಎದ್ದು ನಿಂತು ಕಾರ್ಥೇಜ್ ಇರಲಿ ಎಂದಾಗಲೂ ಅಷ್ಟೇ ಸುಲಭವಾಗಿತ್ತು. ಆಗ ಸಹಿ ಹಾಕಿದ್ದರೆ 50,000 ಜನ ಸಂತೆಯಲ್ಲಿ ಮಾರಾಟವಾಗುತ್ತಿರಲಿಲ್ಲ.

ಆ ವಿಡಿಯೊ ನಿಮಗೂ ಬಂದರೆ ನೋಡಿ, ಆನೆಗಳು ಚೆನ್ನಾಗಿವೆ. ಮುಂದಿನವರಿಗೆ ಕಳಿಸುವಾಗ ಮಾತ್ರ ಕೆಳಗೆ ಒಂದು ಸಾಲು ಬರೆದು ಕಳಿಸಿ: ಉಪ್ಪು ಬಿತ್ತಲಿಲ್ಲ, ಬೇಸಾಯದ ಪುಸ್ತಕ ಹೊತ್ತುಕೊಂಡು ಹೋದರು.